ಸರಿ, ಮುಂದೆ

“ಅಲ್ಪವಿರಾಮ,” ಎಂದಳು ಅಕ್ಕ.

ಹಾಳೆಯಲ್ಲಿ ಆ ಜಾಗದಲ್ಲಿ ಅಲ್ಪವಿರಾಮ ಇರಲಿಲ್ಲ. ಒಂದು ಇಡೀ ಪದವಿತ್ತು. ಅಕ್ಕ ಅದನ್ನು ನುಂಗಿಕೊಂಡು, ಉಸಿರೆಳೆದು, ಸಾಲಿನ ನಡುವಿನಿಂದ ಮುಂದಕ್ಕೆ ಹೊರಟಿದ್ದಳು. ಅವನು ಮೇಜಿನ ಕೆಳಗೆ ತೊಡೆಯ ಮೇಲಿಟ್ಟುಕೊಂಡಿದ್ದ ತನ್ನ ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ. ಸದ್ದಾಗದಂತೆ ಗುರುತು ಮಾಡುವುದು ಈಗ ಅವನಿಗೆ ರೂಢಿಯಾಗಿತ್ತು.

“ಸರಿ,” ಎಂದ. “ಮುಂದೆ.”

ಅಕ್ಕ ಮುಂದೆ ಹೋದಳು.

ನಿಘಂಟು ಕಚೇರಿಯ ಹಿಂದಿನ ಕೋಣೆ ಅದು. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಒಂದು ಕಿಟಕಿ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಕೆಲಸದ ರೀತಿಯೂ ಕೋಣೆಯಷ್ಟೇ ಹಳೆಯದು. ಅಚ್ಚಿನ ಮನೆಯಿಂದ ಬಂದ ಕರಡನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ವಿರಾಮಚಿಹ್ನೆಗಳನ್ನೂ ಬಿಡದೆ. ಇನ್ನೊಬ್ಬರು ಮೂಲಪ್ರತಿಯ ಮೇಲೆ ಕಣ್ಣಿಟ್ಟು ಕೇಳಬೇಕು. ವ್ಯತ್ಯಾಸ ಬಂದರೆ “ನಿಲ್ಲಿ” ಅನ್ನಬೇಕು; ಬರದಿದ್ದರೆ “ಸರಿ, ಮುಂದೆ.” ಇಂಗ್ಲಿಷಿನ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಕೊಡುವ ಆ ಪುಸ್ತಕ ಎ ದಾಟಿ, ಬಿ ದಾಟಿ, ಸಿ ಗೆ ಬಂದು ತಲುಪುವಷ್ಟರಲ್ಲಿ ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಓದುವವಳು ಕಚೇರಿಯವರೆಲ್ಲ ಅಕ್ಕ ಎಂದೇ ಕರೆಯುವ ಅಕ್ಕ, ಕೇಳುವವನು ಅವನು.

ಕಳೆದ ಬೇಸಿಗೆಯಿಂದ ಅವನು “ನಿಲ್ಲಿ” ಅಂದಿರಲಿಲ್ಲ.

ಮೊದಲ ಸಲ ಗೊತ್ತಾದದ್ದು ಆಕಸ್ಮಿಕವಾಗಿ. ಊಟದ ಹೊತ್ತಿನಲ್ಲಿ ಅಕ್ಕ ಕೈ ತೊಳೆಯಲು ಹೋಗಿದ್ದಾಗ, ಅವಳು ಓದಿ ಮುಗಿಸಿದ ಹಾಳೆ ಫ್ಯಾನಿನ ಗಾಳಿಗೆ ಹಾರಿ ಇವನ ಕಾಲ ಬಳಿ ಬಿತ್ತು. ಎತ್ತಿಕೊಂಡು ನೋಡಿದರೆ ಎಡಗಡೆಯ ಅಂಚಿನಲ್ಲಿ ಮೂರು ಪದ ಅಚ್ಚೇ ಆಗಿರಲಿಲ್ಲ. ಆ ಮೂರನ್ನೂ ಅಕ್ಕ ಸ್ಪಷ್ಟವಾಗಿ ಓದಿದ್ದಳು. ಅವನೇ ಕೇಳಿ “ಸರಿ” ಅಂದಿದ್ದ. ಮರುದಿನದಿಂದ ಕಿವಿಗೊಟ್ಟು ಗಮನಿಸಿದ. ಅವಳು ಓದುತ್ತಿದ್ದದ್ದು ಹಾಳೆಯಲ್ಲಿ ಇದ್ದದ್ದನ್ನಲ್ಲ, ಇರಬೇಕಾದದ್ದನ್ನು. ಸಾಲುಸಾಲಿನ ಮೊದಲ ಒಂದೆರಡು ಪದ ಅವಳ ಊಹೆ. ಆ ಊಹೆ ಕೆಲವು ಸಲ ಮೂಲಕ್ಕಿಂತ ಸೊಗಸಾಗಿರುತ್ತಿತ್ತು.

ಹೇಳಿಬಿಡಬೇಕೆಂದುಕೊಂಡ. ಆ ದಿನ ಅಕ್ಕನ ತಂಗಿಯ ಮಗಳಿಗೆ ಜ್ವರ. ಮಾರನೆಯ ದಿನ ಅಕ್ಕ ನಗುನಗುತ್ತಾ ಬಂದಳು. ನಗುವವರ ಮುಖದ ಮೇಲೆ ಹೇಳುವುದು ಹೇಗೆ? ಅದರ ಮಾರನೆಯ ದಿನ ಪ್ರಧಾನ ಸಂಪಾದಕರು ಕೋಣೆಗೆ ಬಂದು, “ಈಕೆಯ ಕಣ್ಣಿರೋತನಕ ನನ್ನ ಪುಸ್ತಕಕ್ಕೆ ಭಯವಿಲ್ಲ,” ಎಂದು ಹೋದರು. ಹೀಗೆ ಹೇಳದಿರಲು ದಿನಕ್ಕೊಂದು ಒಳ್ಳೆಯ ಕಾರಣ ಸಿಕ್ಕಿತು. ಕೆಟ್ಟ ಕಾರಣ ಒಂದೂ ಇರಲಿಲ್ಲ.

ಅಚ್ಚಿನ ಮನೆಯವನಿಗೆ, ಇನ್ನು ಮೇಲೆ ಎರಡೆರಡು ಪ್ರತಿ ತೆಗೆದುಕೊಡು ಅಂದ.

“ಯಾಕೆ ಸಾರ್, ಒಂದು ಸಾಕಾಗಲ್ವಾ?”

“ಇರಲಿ.”

ಒಂದು ಪ್ರತಿ ಅಕ್ಕನ ಕೈಗೆ, ಒಂದು ಇವನ ತೊಡೆಯ ಮೇಲೆ. ಸಂಜೆ ಇವನು ತಿದ್ದಿದ ಪ್ರತಿ ಅಚ್ಚಿನ ಮನೆಗೆ ಹೋಗುತ್ತಿತ್ತು. ಅಕ್ಕ ಓದಿದ್ದು ರದ್ದಿಗೆ. ಒಂದು ವರ್ಷದಿಂದ ಅವಳು ರದ್ದಿಯನ್ನೇ ಓದುತ್ತಿದ್ದಳು. ಈ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಮಾಡಿದ ಒಳ್ಳೆಯದನ್ನು ಹೇಳಿಕೊಂಡು ತಿರುಗಬಾರದು ಎಂದು ಅವನಿಗೆ ಗೊತ್ತಿತ್ತು. ಸಂಜೆ ಎಲ್ಲರೂ ಹೋದ ಮೇಲೆ ಒಬ್ಬನೇ ಕೂತು ಪುಟಗಳನ್ನು ಮತ್ತೆ ತಿದ್ದುವಾಗ ಎದೆಯೊಳಗೆ ಏನೋ ಬೆಚ್ಚಗಾಗುತ್ತಿದ್ದದ್ದೂ ಗೊತ್ತಿತ್ತು.

“ಏನೋ, ನಿದ್ದೆ ಹೋದೆಯಾ?” ಅಂದಳು ಅಕ್ಕ. “ಪೂರ್ಣವಿರಾಮ ಅಂದು ಎಷ್ಟು ಹೊತ್ತಾಯ್ತು.”

“ಸರಿ, ಮುಂದೆ.”

“ಮುಂದೆ ಇರಲಿ. ಇಲ್ಲಿ ನೋಡು.” ಅವಳು ಕೂದಲು ಸರಿಸಿ ಎಡ ಹುಬ್ಬನ್ನು ತೋರಿಸಿದಳು. ಊದಿಕೊಂಡು ನೀಲಿಗಟ್ಟಿತ್ತು. ಬೆಳಿಗ್ಗೆ ಬಂದಾಗಲೇ ಅವನು ನೋಡಿದ್ದ. ಕೇಳಿದರೆ ಮುಜುಗರವಾದೀತೆಂದು ಕೇಳಿರಲಿಲ್ಲ.

“ಏನಾಯ್ತು?”

“ಕಿಟಕಿ ಬಾಗಿಲು. ನಾನು ನನ್ನ ಪಾಡಿಗೆ ಹೋಗ್ತಿದ್ದೆ, ಅದೇ ಬಂದು ಹೊಡೀತು.” ಅಕ್ಕ ನಕ್ಕಳು. “ಹೋದ ವಾರ ಸೈಕಲ್ಲಿನವನು. ಈ ನಡುವೆ ಎಲ್ಲರಿಗೂ ನನ್ನ ಮೇಲೇ ಕಣ್ಣು. ತಂಗಿ ಬಿಡ್ತಿಲ್ಲ, ಕಣ್ಣಿನ ಡಾಕ್ಟ್ರಿಗೆ ತೋರಿಸ್ಲೇಬೇಕಂತೆ. ಮಧ್ಯಾಹ್ನ ಬಾ ಅಂದಿದ್ದಾರೆ. ಹನಿ ಹಾಕಿದ್ರೆ ವಾಪಸ್ ಬರೋಕೆ ದಾರಿ ಕಾಣಲ್ಲ. ಜೊತೆಗೆ ಬರ್ತೀಯಾ? ಕೆಲಸ ಇದ್ರೆ ಬೇಡ.”

ಅವನು ತೊಡೆಯ ಮೇಲಿನ ಪ್ರತಿಯನ್ನು ಮಗುಚಿಟ್ಟ.

“ಬರ್ತೀನಿ ಅಕ್ಕಾ. ಅದಕ್ಕೇನಂತೆ.”

ಅಷ್ಟರಲ್ಲಿ ಪ್ರಧಾನ ಸಂಪಾದಕರು ಒಳಗೆ ಬಂದರು. ಹಿಂದೆ ಕಾಲೇಜಿನಲ್ಲಿ ಪಾಠ ಮಾಡಿದವರಾದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರು. ಕೈಯಲ್ಲಿ ಮೂಲಪ್ರತಿಯ ಒಂದು ಪುಟ.

“ಕನ್ಸಿಡರೇಟ್‌ಗೆ ಮೂರನೇ ಅರ್ಥ ದಾಕ್ಷಿಣ್ಯವುಳ್ಳ ಅಂತ ನಾನು ಬರೆದಿದ್ದೆ. ನೀನು ಹೊಡೆದು ಹಾಕಿದ್ದೀಯ.”

“ಅದು ಬೇರೆ ಗುಣ ಸಾರ್.”

“ಗುಣ ಅಂತೀಯಾ ಅದನ್ನ?”

ಅಕ್ಕ ಬಾಯಿ ಹಾಕಿದಳು: “ಇವನನ್ನ ಕೇಳ್ತೀರಲ್ಲ ಮೇಷ್ಟ್ರೇ. ಎದುರಿಗೆ ಕೂರಿಸ್ಕೊಂಡು ನೋಡಿ ಬರೀರಿ, ಅರ್ಥ ತಾನಾಗೇ ಬರುತ್ತೆ. ಅಚ್ಚಿನ ಮನೆಯಲ್ಲಿ ಇವನಿಗೆ ಇಟ್ಟಿರೋ ಹೆಸರೇ ದಾಕ್ಷಿಣ್ಯಮೂರ್ತಿ.”

ಮೇಷ್ಟ್ರು ನಗಲಿಲ್ಲ. “ಬಳಕೆಯ ವಾಕ್ಯನೂ ನನಗೆ ಹಿಡಿಸಲಿಲ್ಲ. ‘ಮಲಗಿದ್ದವರಿಗೆ ಎಚ್ಚರವಾಗಬಾರದೆಂದು ಅವನು ಬರಿಗಾಲಲ್ಲಿ ನಡೆದ.’ ಯಾರು ಆಡಿದ್ದು ಇದು?”

ಅದು ಕಚೇರಿಯ ಕಟ್ಟುಪಾಡು. ಅರ್ಥವನ್ನು ಸಂಪಾದಕರು ಕೊಡಬಹುದು. ಬಳಕೆಯ ವಾಕ್ಯ ಮಾತ್ರ ನಿಜವಾಗಿ ಯಾರದಾದರೂ ಬಾಯಿಂದ ಬಂದದ್ದಾಗಿರಬೇಕು. ಹೀಗಾಗಿ ಬಸ್ಸಿನ ಜಗಳಗಳು, ಆಸ್ಪತ್ರೆಯ ಸಮಾಧಾನಗಳು, ಗಂಡಹೆಂಡಿರ ಕೊಂಕುಗಳು ಅಕ್ಷರಾನುಕ್ರಮದಲ್ಲಿ ಆ ಪುಸ್ತಕ ಸೇರಿದ್ದವು.

“ಯಾರೂ ಆಡಿದ್ದಲ್ಲ ಸಾರ್. ನಾನೇ ಬರೆದದ್ದು.”

“ಅದೇ ನೋಡು. ಓದಿದ ತಕ್ಷಣ ಗೊತ್ತಾಗುತ್ತೆ, ಜೀವ ಇಲ್ಲ. ಸಂಜೆಯೊಳಗೆ ಕೇಳಿದ ಮಾತು ಒಂದು ತಾ. ನಾಳೆ ಪುಟ ಹೋಗಬೇಕು.”

ಮೇಷ್ಟ್ರು ಹೋದರು. ಅಕ್ಕ ಹಾಳೆಯನ್ನು ಮುಖದ ನೇರಕ್ಕೆ ಎತ್ತಿಕೊಂಡು, ಕುತ್ತಿಗೆಯನ್ನು ತುಸು ಎಡಕ್ಕೆ ತಿರುಗಿಸಿ ಓದತೊಡಗಿದಳು. ಹಕ್ಕಿ ಕಾಳನ್ನು ನೋಡುವ ಹಾಗೆ. ಈ ಭಂಗಿ ಹೋದ ವರ್ಷ ಇರಲಿಲ್ಲ.

*

ಕಣ್ಣಿನ ಆಸ್ಪತ್ರೆಯ ಪಡಸಾಲೆಯಲ್ಲಿ ಬೆಂಚುಗಳು. ಬೆಂಚುಗಳ ಮೇಲೆ ತಲೆಯನ್ನು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ ಕೂತ ಜನ. ಎಲ್ಲರ ಕೆನ್ನೆಯ ಮೇಲೂ ಹನಿ ಇಳಿದ ಗೆರೆ. ಇಷ್ಟೊಂದು ಜನ ಒಟ್ಟಿಗೆ ಅಳುತ್ತಿರುವಂತೆ ಕಂಡರೂ ಯಾರೂ ಅಳುತ್ತಿರಲಿಲ್ಲ. ಅವನಿಗೆ ಈ ನೋಟ ಹಿತವೆನಿಸಿತು. ಯಾರನ್ನೂ ಸಮಾಧಾನ ಮಾಡಬೇಕಾದ ಅಗತ್ಯವಿರಲಿಲ್ಲ.

ಅಕ್ಕನೂ ಕಣ್ಣು ಮುಚ್ಚಿ ಕೂತಿದ್ದಳು. “ಹೆಂಡತಿ ವಾಪಸ್ ಬಂದ್ಳಾ?” ಎಂದು ಕೇಳಿದಳು.

“ಇನ್ನೂ ಇಲ್ಲ. ಅಮ್ಮನ ಮನೇಲೇ ಇದ್ದಾಳೆ.”

“ಜಗಳವಾ?”

“ಜಗಳ ಏನಿಲ್ಲ.”

ನಿಜವಾಗಿಯೂ ಜಗಳ ಇರಲಿಲ್ಲ. ಒಂದು ರಾತ್ರಿ ಊಟ ಮಾಡಿ ಎದ್ದಾಗ ಹೆಂಡತಿ ಕೇಳಿದ್ದಳು: ಅಡುಗೆ ಹೇಗಿತ್ತು? ಚೆನ್ನಾಗಿತ್ತು ಅಂದಿದ್ದ. ಉಪ್ಪು? ಸರಿಯಾಗಿತ್ತು. ಅವಳು ತಟ್ಟೆಯನ್ನು ನೋಡುತ್ತಾ, “ಬೇಕೂಂತಲೇ ಎರಡು ಸಲ ಹಾಕಿದ್ದೆ,” ಅಂದಿದ್ದಳು. ಆಮೇಲೆ ಮೆಲ್ಲಗೆ, “ನಿಮ್ಮ ಜೊತೆ ಇದ್ರೆ ನಾನೊಬ್ಳೇ ಇದ್ದೀನಿ ಅನ್ಸುತ್ತೆ.” ಅವನಿಗೆ ಅದು ಅನ್ಯಾಯವೆನಿಸಿತ್ತು. ಆದರೆ ಅನ್ಯಾಯ ಅಂದರೆ ಅವಳಿಗೆ ನೋವಾದೀತೆಂದು ಸುಮ್ಮನಿದ್ದ. ಬೆಳಿಗ್ಗೆ ಅವಳ ಪೆಟ್ಟಿಗೆಯನ್ನು ತಾನೇ ಬೀದಿಯ ತನಕ ಹೊತ್ತುಕೊಟ್ಟಿದ್ದ. ಭಾರವಾಗದಂತೆ.

“ಹೋಗಿ ಕರ್ಕೊಂಡು ಬಾ,” ಎಂದಳು ಅಕ್ಕ, ಕಣ್ಣು ತೆರೆಯದೆ.

“ಅವಳಿಗೆ ಯಾವಾಗ ಬರಬೇಕು ಅನ್ಸುತ್ತೋ ಆಗ ಬರಲಿ. ಒತ್ತಾಯ ಯಾಕೆ.”

“ಹೂಂ,” ಅಂದಳು ಅಕ್ಕ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ದೀಪಗಳಿಂದಲೂ ಮಸೂರಗಳಿಂದಲೂ ಬಹಳ ಹೊತ್ತು ನೋಡಿದಳು. ಕಣ್ಣಿನ ಒತ್ತಡ ಅಳೆದಳು. ಆಮೇಲೆ ಕುರ್ಚಿ ಎಳೆದುಕೊಂಡು ಅಕ್ಕನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

“ಬಲಗಣ್ಣು ಮುಚ್ಕೊಳ್ಳಿ. ನನ್ನ ಮೂಗನ್ನೇ ನೋಡ್ತಿರಿ. ಪಕ್ಕದಲ್ಲಿ ನನ್ನ ಕೈ ಕಂಡ ತಕ್ಷಣ ಹೇಳಿ.”

“ಮೂಗು ಚೆನ್ನಾಗಿದೆ ಡಾಕ್ಟ್ರೇ,” ಎಂದಳು ಅಕ್ಕ.

ಡಾಕ್ಟರು ನಸುನಕ್ಕು ಕೈ ಎತ್ತಿದಳು. ಗೋಡೆಗೆ ಒರಗಿ ನಿಂತಿದ್ದ ಅವನಿಗೆ ಎಲ್ಲವೂ ಕಾಣುತ್ತಿತ್ತು. ಡಾಕ್ಟರ ಕೈ ಅಕ್ಕನ ಎಡಗಿವಿಯ ಹಿಂದಿನಿಂದ ಹೊರಟು, ಬೆರಳಾಡಿಸುತ್ತಾ, ರೈಲಿಗೆ ಹತ್ತಿಸಿದವರು ಬೀಳ್ಕೊಡುವ ಹಾಗೆ ಆಡುತ್ತಾ, ಮೆಲ್ಲಮೆಲ್ಲಗೆ ಮುಂದಕ್ಕೆ ಬಂತು. ಕಿವಿ ದಾಟಿತು. ಹುಬ್ಬಿನ ಮೇಲಿನ ನೀಲಿಯ ಹತ್ತಿರ ಬಂತು. ಅಕ್ಕ ಡಾಕ್ಟರ ಮೂಗನ್ನೇ ನೋಡುತ್ತಾ, ಮುಖದ ಮೇಲೆ ಸಣ್ಣ ನಗುವಿಟ್ಟುಕೊಂಡು, ಇನ್ನೂ ಶುರುವಾಗಿಲ್ಲವೆಂಬಂತೆ ಕಾಯುತ್ತಿದ್ದಳು.

ಅಲ್ಲಿದೆ ಅಕ್ಕಾ, ಎಂಬ ಮಾತು ಅವನ ನಾಲಗೆಯ ತುದಿಗೆ ಬಂತು. ಪರೀಕ್ಷೆಯ ನಡುವೆ ಹೇಳಬಾರದು ಎಂದು ತಡೆದುಕೊಂಡ. ಅಷ್ಟು ದಿನಗಳಲ್ಲಿ ಮೊದಲ ಸಲ ಅವನ ಮೌನ ನ್ಯಾಯವಾದದ್ದಾಗಿತ್ತು.

“ಈಗ ಕಾಣ್ತು,” ಎಂದಳು ಅಕ್ಕ. ಕೈ ಆಗಲೇ ಮೂಗಿನ ಹತ್ತಿರ ಬಂದಿತ್ತು.

ಡಾಕ್ಟರು ಕೈ ಇಳಿಸಿದಳು. “ಇದಕ್ಕೆ ಗ್ಲಾಕೋಮಾ ಅಂತಾರೆ. ನೇರ ಎದುರಿಗಿರೋದು ಕಡೇತನಕ ಚೆನ್ನಾಗೇ ಕಾಣುತ್ತೆ. ಕತ್ತಲೆ ಸುತ್ತಲಿಂದ ಬರುತ್ತೆ. ನೋವಿರಲ್ಲ, ಉರಿ ಇರಲ್ಲ, ಏನೂ ಇರಲ್ಲ. ಅದಕ್ಕೇ ಯಾರಿಗೂ ಗೊತ್ತಾಗಲ್ಲ.”

“ಹೋದದ್ದು?”

“ಹೋದದ್ದು ಬರಲ್ಲಮ್ಮ. ಉಳಿದಿರೋದನ್ನ ಉಳಿಸ್ಕೋಬಹುದು. ಒಂದು ವರ್ಷದ ಹಿಂದೆ ಬಂದಿದ್ರೆ ಬರೀ ಹನಿಯಲ್ಲೇ ಹೋಗ್ತಿತ್ತು. ಈಗ ಆಪರೇಷನ್ ಮಾಡ್ಲೇಬೇಕು. ನಾಳೆ ಬೆಳಿಗ್ಗೆ ಒಂದು ಹಾಸಿಗೆ ಖಾಲಿ ಇದೆ. ಬಂದುಬಿಡಿ.” ಡಾಕ್ಟರು ಅವನ ಕಡೆ ತಿರುಗಿದಳು. “ನೀವು ಮನೆಯವರಾ?”

“ಆಫೀಸಿನವನು.”

“ಏನು ಕೆಲಸ ಇವರದ್ದು?”

“ಓದೋದು,” ಎಂದ.

“ಓದೋದಾ?” ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿದಳು. “ಸಾಲುಗಳು ತಪ್ಪಿರಬೇಕಲ್ಲ. ಅಲ್ಲಿ ಯಾರಿಗೂ ಗೊತ್ತಾಗ್ಲಿಲ್ವಾ?”

ಅವನು ಬಾಯಿ ತೆರೆದ. ಅವನಿಗಿಂತ ಮೊದಲು ಅಕ್ಕ ಮಾತಾಡಿದಳು.

“ತಪ್ಪಿದ್ರೆ ಇವನು ಹೇಳದೆ ಬಿಡ್ತಿದ್ನಾ ಡಾಕ್ಟ್ರೇ? ನನ್ನ ತಪ್ಪು ಹಿಡಿಯೋದಕ್ಕೇ ಇವನಿಗೆ ಸಂಬಳ ಕೊಡೋದು.”

ಡಾಕ್ಟರು ಅವನನ್ನು ನೋಡಿದಳು. ಅವನು ಗೋಡೆಯ ಮೇಲಿನ ಅಕ್ಷರಗಳ ಹಲಗೆಯನ್ನು ನೋಡಿದ. ಮೇಲಿನ ಸಾಲಿನಲ್ಲಿ ಒಂದೇ ದೊಡ್ಡ ಅಕ್ಷರ. ಕೆಳಕೆಳಗೆ ಹೋದಂತೆ ಸಣ್ಣದಾಗುತ್ತಾ, ಕೊನೆಯ ಸಾಲು ಇರುವೆಗಳ ಹಾಗೆ. ಅವನಿಗೆ ಕೊನೆಯ ಸಾಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವನ ಕಣ್ಣುಗಳು ಬಹಳ ಚೆನ್ನಾಗಿದ್ದವು.

*

ಬೀದಿಯ ಬೆಳಕು ಅಕ್ಕನ ಕಣ್ಣಿಗೆ ಚುಚ್ಚುತ್ತಿತ್ತು. ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡು ಅವನ ತೋಳು ಹಿಡಿದು ನಡೆದಳು. ಹೆಜ್ಜೆ ಹೆಜ್ಜೆಗೂ ಅವನು, “ಮೆಟ್ಟಿಲು ಅಕ್ಕಾ,” “ಇಲ್ಲಿ ಗುಂಡಿ,” “ಸ್ವಲ್ಪ ಈ ಕಡೆ,” ಎಂದು ಹೇಳುತ್ತಿದ್ದ. ಇಷ್ಟು ಸಣ್ಣ ಸಣ್ಣ ಎಚ್ಚರಿಕೆಗಳು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬರುತ್ತಿವೆಯಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಚಹದಂಗಡಿಯ ಮುಂದಿನ ಬೆಂಚಿನಲ್ಲಿ ಕೂತರು. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಒಂದು ಕೇಳ್ತೀನಿ. ನಿಜ ಹೇಳ್ಬೇಕು.”

“ಕೇಳಿ.”

“ನಾನು ತಪ್ಪು ಓದ್ತಿದ್ನಾ?”

ರಸ್ತೆಯಾಚೆ ಒಬ್ಬ ಬೀಗ ರಿಪೇರಿಯವನು ಹಳೆಯ ಬೀಗವನ್ನು ಕಿವಿಯ ಹತ್ತಿರ ಇಟ್ಟು ಅಲುಗಿಸುತ್ತಿದ್ದ. ಇವನು ಬೆಂಚಿನಿಂದ ಆ ಬೀಗವನ್ನು ನೋಡಿದ. ಹೂಂ ಅಂದರೆ ಮುಗಿಯಿತು. ಆದರೆ ಬರೀ ಹೂಂ ಅಲ್ಲ ಅದು. ಹೂಂ ಅಂದರೆ ಯಾವಾಗಿಂದ ಎಂಬ ಪ್ರಶ್ನೆ ಬರುತ್ತದೆ. ಕಳೆದ ಬೇಸಿಗೆಯಿಂದ ಎಂದರೆ, ಒಂದು ವರ್ಷದ ಹಿಂದೆ ಎಂಬ ಡಾಕ್ಟರ ಮಾತು ಅದರ ಪಕ್ಕಕ್ಕೆ ಬಂದು ನಿಲ್ಲುತ್ತದೆ.

“ಇಲ್ಲಕ್ಕಾ.”

“ಒಂದೂ?”

“ಎಲ್ಲೋ ಒಂದೊಂದು. ಎಲ್ಲರಿಗೂ ಆಗೋ ಹಾಗೆ.”

ಅಕ್ಕ ನಿಟ್ಟುಸಿರು ಬಿಟ್ಟಳು. ಅವಳ ಮುಖ ಸಡಿಲವಾಯಿತು. ಅವನದೂ ಸಡಿಲವಾಯಿತು: ತನ್ನ ಮಾತಿನಿಂದ ಒಬ್ಬರ ಮುಖ ಅರಳುವುದನ್ನು ನೋಡುವ ಆ ಹಳೆಯ ಬೆಚ್ಚನೆಯ ಸುಖ.

“ಹಾಗಾದ್ರೆ ಅಷ್ಟೇನೂ ಕೆಟ್ಟಿಲ್ಲ,” ಎಂದಳು. “ಡಾಕ್ಟ್ರು ಹೆದರಿಸ್ತಾರೆ, ಅದು ಅವರ ಕೆಲಸ. ಹೊತ್ತಿಗೆ ಸರಿಯಾಗಿ ಕೆಟ್ಟದ್ದು ಹೇಳದಿದ್ರೆ ಅವರ ಹತ್ರ ಯಾರು ಹೋಗ್ತಾರೆ? ನಾಳೆ ಹೋಗಿ ಮಲಗಿದ್ರೆ ಎರಡು ತಿಂಗಳು ಹಾಳೆ ಮುಟ್ಟೋ ಹಾಗಿಲ್ಲ. ಅಷ್ಟರಲ್ಲಿ ನನ್ನ ಕುರ್ಚೀಲಿ ಬೇರೆ ಯಾರೋ. ಸಿ ಮುಗಿಸಿ ನೋಡೋಣ. ಆಗ್ದಿದ್ರೆ ಡಿ.”

“ಡಾಕ್ಟ್ರು ತಡ ಮಾಡ್ಬೇಡಿ ಅಂದ್ರಲ್ಲ.”

“ನೀನು ಏನಂತೀಯ?”

“ನಾನೇನು ಹೇಳಲಿ ಅಕ್ಕಾ. ನಿಮ್ಮ ಕಣ್ಣು, ನಿಮ್ಮಿಷ್ಟ.”

ಅಕ್ಕ ಅವನ ಕಡೆ ಮುಖ ತಿರುಗಿಸಿದಳು. ಹನಿಯಿಂದ ಹಿಗ್ಗಿದ ಅವಳ ಕಣ್ಣಪಾಪೆಗಳು ಕಪ್ಪಗೆ ದೊಡ್ಡದಾಗಿದ್ದವು. ಎರಡರಲ್ಲೂ ಅವನು ಕೂತಿದ್ದ, ಕೈಯಲ್ಲಿ ಒಂದೊಂದು ಲೋಟ ಹಿಡಿದು.

“ಒಂದು ಕೆಲಸ ಮಾಡೋಣ,” ಎಂದಳು. “ಸಂಜೆ ಹೊತ್ತಿಗೆ ಹನಿ ಇಳಿದಿರುತ್ತೆ. ಬೆಳಿಗ್ಗೆ ಮೇಷ್ಟ್ರು ಜಗಳ ತೆಗೆದ್ರಲ್ಲ, ಆ ಕನ್ಸಿಡರೇಟ್ ಪುಟ ಇನ್ನೂ ಓದಿಲ್ಲ. ಅದನ್ನ ಓದ್ತೀನಿ. ತಪ್ಪು ಬಂದ ಕಡೆ ನಿಲ್ಲಿ ಅನ್ನು. ಒಂದು ಸಲ ಅಂದ್ರೂ ಸಾಕು, ನಾಳೆ ಬೆಳಿಗ್ಗೆ ಚೀಲ ತಗೊಂಡು ಹೋಗಿ ಆ ಹಾಸಿಗೆ ಮೇಲೆ ಮಲಗ್ತೀನಿ. ನೀನು ಅನ್ನದಿದ್ರೆ ಇಲ್ಲ. ಆಯ್ತಾ?”

“ಆಯ್ತು.”

“ದೇವರಾಣೆ ಗೀವರಾಣೆ ಏನೂ ಬೇಡ. ನಿನ್ನ ಕೆಲಸ ನೀನು ಮಾಡು, ಸಾಕು.”

ಅವನಿಗೆ ಹಗುರವೆನಿಸಿತು. ಇದು ಸುಲಭ. ತಾನು ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ, ಯಾವ ವರ್ಷದ ಲೆಕ್ಕವನ್ನೂ ಕೊಡಬೇಕಾಗಿಲ್ಲ. ಒಂದೇ ಒಂದು ಪದ. ಹಿಂದೆ ದಿನವೂ ಆಡುತ್ತಿದ್ದ ಪದ. ಆ ಪದ ಅವಳಿಗೆ ನೋವು ಕೊಡುವಂಥದ್ದೂ ಅಲ್ಲ. ದಾರಿಯುದ್ದಕ್ಕೂ ಅದನ್ನು ಒಳಗೊಳಗೇ ಹೇಳಿಕೊಂಡ. ನಿಲ್ಲಿ. ನಿಲ್ಲಿ. ಎದುರಿಗೆ ಬಸ್ಸು ಬಂದಾಗ ಅದು ಗಟ್ಟಿಯಾಗಿಯೇ ಹೊರಬಿತ್ತು. “ನಿಲ್ಲಿ!”

ಅಕ್ಕ ನಿಂತಳು. ಬಸ್ಸು ಹಾದುಹೋಯಿತು.

“ಬರುತ್ತಲ್ಲ,” ಅಂದಳು ಅಕ್ಕ. ಅವಳು ಯಾಕೆ ಹಾಗಂದಳೆಂದು ಅವನಿಗೆ ಆಗ ಹೊಳೆಯಲಿಲ್ಲ.

*

ಸಂಜೆ ಕಚೇರಿ ಖಾಲಿಯಾಗತೊಡಗಿತು. ಮೇಷ್ಟ್ರು ಬಾಗಿಲಲ್ಲಿ ನಿಂತು, “ವಾಕ್ಯ ಸಿಕ್ತಾ?” ಅಂದರು.

“ನೋಡ್ತಿದ್ದೀನಿ ಸಾರ್.”

“ಇಡೀ ಮಧ್ಯಾಹ್ನ ಹೊರಗಿದ್ದೆಯಲ್ಲ. ಒಬ್ಬರಾದ್ರೂ ಒಂದು ಮಾತು ಆಡಿರಲ್ವಾ?” ಎಂದು ಗೊಣಗುತ್ತಾ ಹೋದರು.

ಕಿಟಕಿಯಾಚೆ ಬೆಳಕು ಕಂದುತ್ತಿತ್ತು. ಅವನು ಮೇಜಿನ ದೀಪ ಹಾಕಿದ. ಮೂಲಪ್ರತಿಯನ್ನು ಮುಂದಿಟ್ಟುಕೊಂಡ. ತೊಡೆಯ ಮೇಲಿನ ಎರಡನೆಯ ಪ್ರತಿಯನ್ನು ಇವತ್ತು ಇಟ್ಟುಕೊಳ್ಳಲಿಲ್ಲ. ಡ್ರಾಯರಿನೊಳಗೆ ಹಾಕಿ ಮುಚ್ಚಿದ. ಈ ಪುಟದ ಅಚ್ಚಿನಲ್ಲಿ ಏನಾದರೂ ತಪ್ಪು ಇರಲಿ ಎಂದು ಮೊದಲ ಸಲ ಹಾರೈಸಿದ. ಅವಳು ಊಹಿಸಿ ಓದಲಿ, ಊಹೆ ತಪ್ಪಲಿ.

ಅಕ್ಕ ಕರಡಿನ ಕಟ್ಟಿನಿಂದ ಒಂದು ಹಾಳೆ ತೆಗೆದು, ತುಟಿಯಾಡಿಸುತ್ತಾ ಒಂದೆರಡು ಸಲ ನೋಡಿಕೊಂಡು, ಆಮೇಲೆ ಮುಖದ ನೇರಕ್ಕೆ ಎತ್ತಿ ಹಿಡಿದಳು. ಕುತ್ತಿಗೆ ಎಡಕ್ಕೆ ವಾಲಲಿಲ್ಲ. ನೆಟ್ಟಗಿತ್ತು.

“ಕನ್ಸಿಡರೇಟ್. ದಪ್ಪ ಅಕ್ಷರ. ಗುಣವಾಚಕ, ಪೂರ್ಣವಿರಾಮ. ಒಂದು, ಇತರರ ಸುಖದುಃಖ ಅನುಕೂಲಗಳನ್ನು ಗಮನದಲ್ಲಿಟ್ಟು ನಡೆಯುವ, ಅರ್ಧವಿರಾಮ.”

ದನಿ ಸರಾಗವಾಗಿತ್ತು. ಅವನ ಪೆನ್ಸಿಲು ಮೂಲಪ್ರತಿಯ ಸಾಲಿನ ಕೆಳಗೆ ಅವಳ ದನಿಯ ಜೊತೆ ನಡೆಯಿತು. ಒಂದೂ ತಪ್ಪಿರಲಿಲ್ಲ. ತಲೆಯೆತ್ತಿ ನೋಡಿದ.

ಅಚ್ಚಾದ ಅಕ್ಷರಗಳು ಅವನ ಕಡೆಗಿದ್ದವು.

ಒಂದು ಕ್ಷಣ ಅರ್ಥವಾಗಲಿಲ್ಲ. ಎದುರಿಗೆ, ದೀಪದ ಬೆಳಕಿನಲ್ಲಿ, ಅವನು ಕುಳಿತಲ್ಲಿಂದಲೇ ಆ ಪುಟವನ್ನು ಓದಬಹುದಿತ್ತು. ಅಚ್ಚಿನ ಮನೆಯವನು ಕರಡನ್ನು ಒಂದೇ ಮಗ್ಗುಲಿಗೆ ತೆಗೆಯುತ್ತಾನೆ. ಅಕ್ಕನ ಕಡೆಗಿದ್ದದ್ದು ಖಾಲಿ ಮಗ್ಗುಲು.

“ಎರಡು,” ಎಂದಳು ಅಕ್ಕ, “ಮರುಕವುಳ್ಳ, ಅರ್ಧವಿರಾಮ, ಮೃದು ಮನಸ್ಸಿನ, ಪೂರ್ಣವಿರಾಮ.”

ಪಾಪ, ಅಷ್ಟೂ ಹೋಗಿಬಿಟ್ಟಿದೆಯೇ? ಮರುಕ್ಷಣವೇ ಡಾಕ್ಟರ ಮಾತು ನೆನಪಾಯಿತು. ನೇರ ಎದುರಿಗಿರೋದು ಕಡೇತನಕ ಚೆನ್ನಾಗೇ ಕಾಣುತ್ತೆ. ಹಾಳೆಯ ಅಂಚಿನ ಮೇಲಿನಿಂದ ಅಕ್ಕನ ಕಣ್ಣುಗಳು ಕಾಣುತ್ತಿದ್ದವು. ಅವು ಹಾಳೆಯ ಮೇಲಿರಲಿಲ್ಲ.

“ಮೂರು,” ಎಂದಳು ಅಕ್ಕ. “ದಾಕ್ಷಿಣ್ಯವುಳ್ಳ.”

ಮೂಲಪ್ರತಿಯಲ್ಲಿ ಆ ಪದದ ಮೇಲೆ ಅವನೇ ಎಳೆದ ಕೆಂಪು ಗೆರೆ ಇತ್ತು. ಅಚ್ಚಿನಲ್ಲಿ ಆ ಪದವೇ ಇರಲಿಲ್ಲ. ಪೆನ್ಸಿಲು ನಿಂತಿತು. ಅಕ್ಕ ಅವನು ಗುರುತು ಮಾಡಲೆಂಬಂತೆ ಕೊಂಚ ಕಾದಳು. ಫ್ಯಾನು ಕಿರುಗುಟ್ಟಿತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ಹೋದರು.

“ಬಳಕೆ,” ಎಂದಳು. ದನಿ ಬದಲಾಗಿರಲಿಲ್ಲ, ಓದುವ ದನಿಯೇ. “ನನಗೆ ಎಚ್ಚರವಾಗಬಾರದೆಂದು ಅವನು ಬರಿಗಾಲಲ್ಲಿ ನಡೆದ, ಪೂರ್ಣವಿರಾಮ.”

ಹೇಳು, ಎಂದು ಅವನು ತನಗೆ ತಾನೇ ಹೇಳಿಕೊಂಡ. ಮಧ್ಯಾಹ್ನ ಬಸ್ಸಿನ ಮುಂದೆ ಬಂದಿತ್ತಲ್ಲ. ಮೂರಕ್ಷರವೂ ಇಲ್ಲ ಅದು. ಆದರೆ ಹೇಳಿದರೆ, ಅವಳ ಕಡೆಯ ಮಗ್ಗುಲು ಖಾಲಿಯೆಂದು ತನಗೆ ಗೊತ್ತಾಯಿತೆಂದು ಅವಳಿಗೆ ತಿಳಿಯುತ್ತದೆ. ಖಾಲಿಯೆಂದು ಅವಳಿಗೆ ಗೊತ್ತಿದ್ದರೆ, ಅವಳಿಗೆ ಎಲ್ಲವೂ ಗೊತ್ತು. ಗೊತ್ತಿಲ್ಲದಿದ್ದರೆ, ಪಾಪ, ಈ ಹೊತ್ತಿನಲ್ಲಿ, ಕತ್ತಲಾಗುತ್ತಿರುವಾಗ, ಒಬ್ಬಳೇ ಮನೆಗೆ ಹೋಗಬೇಕಾದವಳಿಗೆ—

ಅಷ್ಟರಲ್ಲಿ ಅವನ ಬಾಯಿ, ಅವನನ್ನು ಕಾಯದೆ, ತನ್ನ ರೂಢಿಯ ದಾರಿ ಹಿಡಿದಿತ್ತು.

“ಸರಿ,” ಎಂದ.

ಅಕ್ಕ ಹಾಳೆ ಇಳಿಸಲಿಲ್ಲ. ಅದು ಇಬ್ಬರ ನಡುವೆ ಗೋಡೆಯ ಹಾಗೆ, ಬೆಳ್ಳಗೆ, ಸ್ವಲ್ಪವೂ ಅಲುಗದೆ ನಿಂತಿತ್ತು. ಇವನ ಮಗ್ಗುಲಿಗೆ ಒತ್ತಾಗಿ ಅಕ್ಷರಗಳು, ಆ ಮಗ್ಗುಲಿಗೆ ಏನೂ ಇಲ್ಲ. ಅದರ ಮೇಲಂಚಿನಿಂದ ಅವಳು ನೋಡುತ್ತಿದ್ದಳು. ಸುತ್ತಲಿನ ಕಿಟಕಿ, ಬಾಗಿಲು, ಮೇಜಿನ ತುದಿ, ದೀಪ ಎಲ್ಲವೂ ಅವಳಿಗೆ ಆಗಲೇ ಇಲ್ಲವಾಗಿ, ಉಳಿದ ಆ ಪುಟ್ಟ ಬೆಳಕಿನ ವೃತ್ತದ ನಟ್ಟ ನಡುವೆ ಅವನ ಮುಖವೊಂದೇ ಇತ್ತು. ಒಳ್ಳೆಯ ಮುಖ. ಅದರ ಕಡೆಗೆ ಎಲ್ಲ ಅಂಚಿನಿಂದಲೂ ನೋವಿಲ್ಲದೆ, ಸದ್ದಿಲ್ಲದೆ ಕತ್ತಲೆ ಬರುತ್ತಿತ್ತು.

ಅವಳು ಅವನ ಬಾಯಿಂದ ಬರಬೇಕಾದ ಮುಂದಿನ ಪದಕ್ಕಾಗಿ ಕಾದಳು.